ಸುದರ್ಶನವೂ ಧರ್ಮಚಕ್ರವೂ: ಕೃಷ್ಣಾತೀರದಿಂದ ಶ್ರೀಕೂರ್ಮದವರೆಗೆ

ಆಷಾಢ ಶುಕ್ಲ ಏಕಾದಶಿಯ ಪ್ರಾತಃಕಾಲದಲ್ಲಿ ಸುದರ್ಶನಹೋಮವು ಪೂರ್ಣಗೊಂಡ ತರುವಾಯ, ಆ ಅಗ್ನಿಯಲ್ಲಿಯೇ ಕಾಯಿಸಿದ ಲೋಹದ ಮುದ್ರೆಗಳನ್ನು ಶ್ರೀಪಾದಂಗಳವರು ಶಿಷ್ಯರ ಬಲತೋಳಿನ ಮೇಲೆ ಚಕ್ರವಾಗಿಯೂ ಎಡತೋಳಿನ ಮೇಲೆ ಶಂಖವಾಗಿಯೂ ಅಂಕಿಸುವುದು ನಮ್ಮ ಸಂಪ್ರದಾಯದಲ್ಲಿ ಅವಿಚ್ಛಿನ್ನವಾಗಿ ನಡೆದುಬಂದಿರುವ ಆಚರಣೆ. ಹಿರಿಯರು ಕಣ್ಣು ಮುಚ್ಚಿ ನಾಮಸ್ಮರಣೆ ಮಾಡುತ್ತ ನಿಲ್ಲುತ್ತಾರೆ. ಮಕ್ಕಳು ತಾಯಿಯ ಸೆರಗನ್ನು ಹಿಡಿದುಕೊಂಡು ಅಳಲೋ ಬೇಡವೋ ಎಂಬಂತೆ ಸಾಲಿನಲ್ಲಿ ಮುಂದೆ ಸರಿಯುತ್ತಾರೆ. ನಿತ್ಯವೂ ಗೋಪೀಚಂದನದಿಂದ ಪಂಚಮುದ್ರೆಗಳನ್ನು ಧರಿಸುವವರಿಗೆ ಚಕ್ರವು ಹೊಸತೇನಲ್ಲ. ಆದರೆ ತಪ್ತಮುದ್ರೆಯ ದಿನ ಅದು ಚರ್ಮಕ್ಕೆ ತಾಗುತ್ತದೆ. ಕೆಲವು ದಿನಗಳ ಕಾಲ ಗುರುತು ಉಳಿಯುತ್ತದೆ.

ಕೆಲವು ವರ್ಷಗಳ ಹಿಂದೆ ವಿಜಯವಾಡದಲ್ಲಿ ಹೀಗೆ ಮುದ್ರಾಧಾರಣೆಯಾದ ವಾರದೊಳಗೇ ನನ್ನ ಮೊಮ್ಮಗನನ್ನು ಶಾಲೆಯವರು ಅಮರಾವತಿಯ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದಿದ್ದರು. ಸಂಜೆ ಮನೆಗೆ ಬಂದವನು ಅಂಗಿಯ ತೋಳನ್ನು ಮೇಲೆತ್ತಿ ತೋರಿಸಿ ಕೇಳಿದನು: "ತಾತ, ಅಲ್ಲಿ ಕಲ್ಲಿನ ಮೇಲೆಲ್ಲ ಇದೇ ಚಕ್ರ ಇದೆ. ಅವರಿಗೂ ಸ್ವಾಮಿಗಳು ಮುದ್ರೆ ಹಾಕ್ತಿದ್ರಾ?"

ನಗು ಬಂದರೂ ಪ್ರಶ್ನೆ ಸಾಮಾನ್ಯವಾದುದಲ್ಲ. ಇದಕ್ಕೆ ನಮ್ಮಲ್ಲಿ ಎರಡು ಸಿದ್ಧ ಉತ್ತರಗಳಿವೆ. "ಎಲ್ಲವೂ ನಮ್ಮಿಂದಲೇ ಹೋದದ್ದು, ಬೌದ್ಧರು ನಮ್ಮ ಸುದರ್ಶನವನ್ನೇ ತೆಗೆದುಕೊಂಡರು" ಎಂಬುದು ಒಂದು. "ಎಲ್ಲ ಚಕ್ರಗಳೂ ಒಂದೇ, ಎಲ್ಲ ಧರ್ಮಗಳ ಸಾರವೂ ಒಂದೇ" ಎಂಬುದು ಇನ್ನೊಂದು. ಮೊದಲನೆಯ ಉತ್ತರವನ್ನು ನಾನೇ ಬಹಳ ಹಿಂದೆ ಒಂದು ಶ್ರೀರಾಮನವಮಿಯ ಉಪನ್ಯಾಸದಲ್ಲಿ ಉತ್ಸಾಹದಿಂದ ಹೇಳಿಬಿಟ್ಟಿದ್ದೆ. ಸಭೆ ಮುಗಿದ ಮೇಲೆ ವೃದ್ಧರಾದ ಇತಿಹಾಸದ ಅಧ್ಯಾಪಕರೊಬ್ಬರು ಹತ್ತಿರ ಬಂದು, ತೆಲುಗಿನಲ್ಲಿ ಮೆಲುದನಿಯಲ್ಲಿ, "ಯಾವ ಶಾಸನದಲ್ಲಿದೆ, ಸ್ವಾಮಿ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ಸಂಕೋಚವೇ ಈ ಲೇಖನಕ್ಕೆ ಮೂಲವೆಂದರೂ ಸಲ್ಲುತ್ತದೆ.

ಚಕ್ರದ ಕಲ್ಪನೆ ಅತ್ಯಂತ ಪ್ರಾಚೀನವಾದುದು. ಋಗ್ವೇದದ ಪ್ರಥಮ ಮಂಡಲದ 164ನೆಯ ಸೂಕ್ತವು ಹನ್ನೆರಡು ಅರಗಳುಳ್ಳ, ಎಂದಿಗೂ ಸವೆಯದ ಚಕ್ರವೊಂದನ್ನು ವರ್ಣಿಸುತ್ತದೆ. ಅದು ಸಂವತ್ಸರವೆಂಬುದು ಸ್ಪಷ್ಟ. ಅದೇ ಮಂಡಲದ 155ನೆಯ ಸೂಕ್ತದಲ್ಲಿ ವಿಷ್ಣುವೇ ಕಾಲವನ್ನು ಉರುಳುವ ಚಕ್ರದಂತೆ ಚಲಿಸುವಂತೆ ಮಾಡುವವನು. ಅಂದರೆ ಚಕ್ರವು ಆಯುಧವಾಗಿ ಶಿಲ್ಪದಲ್ಲಿ ಕಾಣಿಸಿಕೊಳ್ಳುವುದಕ್ಕೆ ಬಹಳ ಮುಂಚೆಯೇ ವಿಷ್ಣುವಿಗೂ ಚಕ್ರಕ್ಕೂ ಸಂಬಂಧವಿತ್ತು. ಇದರ ಜೊತೆಗೆ ರಾಜತ್ವದ ಚಕ್ರವೂ ಇತ್ತು. ಯಾರ ರಥಚಕ್ರವು ತಡೆಯಿಲ್ಲದೆ ದಿಕ್ಕುದಿಕ್ಕಿಗೆ ಉರುಳುವುದೋ ಅವನು ಚಕ್ರವರ್ತಿ. ಈ ಶಬ್ದ ವೈದಿಕರದೂ ಹೌದು, ಬೌದ್ಧರದೂ ಹೌದು, ಜೈನರದೂ ಹೌದು. ವಿಜಯವಾಡಕ್ಕೆ ಸಮೀಪದ ಜಗ್ಗಯ್ಯಪೇಟೆಯ ಸ್ತೂಪದಲ್ಲಿ ದೊರೆತ ಪ್ರಸಿದ್ಧ ಶಿಲಾಫಲಕವೊಂದರಲ್ಲಿ ಚಕ್ರವರ್ತಿಯೊಬ್ಬನು ಕೈಯೆತ್ತಿ ನಿಂತಿದ್ದಾನೆ; ಮೋಡದಿಂದ ನಾಣ್ಯಗಳ ಮಳೆ ಸುರಿಯುತ್ತಿದೆ; ಆನೆ, ಕುದುರೆ, ರಾಣಿ, ಮಂತ್ರಿ ಮೊದಲಾದ ಸಪ್ತರತ್ನಗಳ ನಡುವೆ ಚಕ್ರವೂ ಇದೆ. ವಿದ್ವಾಂಸರು ಅವನನ್ನು ಮಾಂಧಾತನೆಂದು ಗುರುತಿಸಿದ್ದಾರೆ. ಭಾಗವತದ ನವಮಸ್ಕಂಧವನ್ನು ಕೇಳಿದವರಿಗೆ ಮಾಂಧಾತನು ಅಪರಿಚಿತನೇ?

ಗೌತಮಬುದ್ಧನು ಸಾರನಾಥದಲ್ಲಿ ಮಾಡಿದ ಪ್ರಥಮೋಪದೇಶಕ್ಕೆ ಬೌದ್ಧರು ಇಟ್ಟ ಹೆಸರು ಧರ್ಮಚಕ್ರಪ್ರವರ್ತನ. 'ಪ್ರವರ್ತನ' ಎಂಬ ಪದವನ್ನು ಗಮನಿಸಬೇಕು. ಗೀತೆಯ ತೃತೀಯಾಧ್ಯಾಯದ ಹದಿನಾರನೆಯ ಶ್ಲೋಕದಲ್ಲಿ, ಯಜ್ಞ, ಪರ್ಜನ್ಯ, ಅನ್ನಗಳ ಚಕ್ರವನ್ನು ಅನುಸರಿಸದವನ ಬಾಳು ವ್ಯರ್ಥವೆಂದು ಶ್ರೀಕೃಷ್ಣನು ಹೇಳುವಾಗಲೂ ಇದೇ ಧಾತುವಿನಿಂದ ಬಂದ ಪದವನ್ನೇ ಬಳಸುತ್ತಾನೆ. ಒಂದೇ ನೆಲದ, ಒಂದೇ ಭಾಷಾಕುಟುಂಬದ ಎರಡು ಪರಂಪರೆಗಳು ಒಂದೇ ಪದವನ್ನು ಹಿಡಿದು ಬೇರೆಬೇರೆ ಅರ್ಥವನ್ನು ಕಂಡವು. ಇಲ್ಲಿ ಕಳವಿನ ಮಾತಿಗೆ ಎಡೆಯಿಲ್ಲ.

ಈಗ ಕೃಷ್ಣೆಯ ದಡಕ್ಕೆ ಬರೋಣ. ಪ್ರಾಚೀನರು ಧಾನ್ಯಕಟಕವೆಂದು ಕರೆಯುತ್ತಿದ್ದ ಅಮರಾವತಿಯ ಮಹಾಚೈತ್ಯವನ್ನು ಕರ್ನಲ್ ಕಾಲಿನ್ ಮೆಕೆಂಜಿಯವರು 1797ರಲ್ಲಿ ಕಂಡರು. 1816ರಲ್ಲಿ ಮತ್ತೆ ಬಂದು ಚಿತ್ರಗಳನ್ನು ಬರೆಯಿಸುವ ವೇಳೆಗೆ ಅದು ಬಹುಪಾಲು ಹಾಳಾಗಿತ್ತು. ಕಲ್ಲುಗಳು ಊರಿನ ಕಟ್ಟಡಗಳಿಗೆ ಹೋದವು. ಎಷ್ಟೋ ಶಿಲ್ಪಗಳು ಸುಣ್ಣಕ್ಕಾಗಿ ಸುಡಲ್ಪಟ್ಟವು. ಉಳಿದವುಗಳಲ್ಲಿ ಹೆಚ್ಚಿನವು ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿಯೂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿಯೂ ಇವೆ. ಕೆಲವು ಮಾತ್ರ ಅಮರಾವತಿಯಲ್ಲಿಯೇ ಉಳಿದಿವೆ. ಮೈಸೂರು ಸೀಮೆಯ ಸರ್ವೇಕ್ಷಣ ಮಾಡಿಸಿ, ನಮ್ಮ ಕನ್ನಡನಾಡಿನ ಶಾಸನಗಳನ್ನೂ ಕೈಫಿಯತ್ತುಗಳನ್ನೂ ಸಂಗ್ರಹಿಸಿದವರು ಈ ಮೆಕೆಂಜಿಯವರೇ ಎಂಬುದನ್ನು ಪ್ರಾಸಂಗಿಕವಾಗಿ ನೆನೆಯಬಹುದು.

ಅಮರಾವತಿಯ ಹಳೆಯ ಫಲಕಗಳಲ್ಲಿ ಬುದ್ಧನ ಮೂರ್ತಿಯಿಲ್ಲ. ಒಂದು ಪೀಠ, ಅದು ಖಾಲಿ. ಪೀಠದ ಮುಂದೆ ಎರಡು ಪಾದಗಳ ಗುರುತು. ಪೀಠದ ಹಿಂದೆ ಎತ್ತರವಾದ ಸ್ತಂಭ; ಸ್ತಂಭದ ನೆತ್ತಿಯಲ್ಲಿ ಅನೇಕ ಅರಗಳ ಚಕ್ರ. ಸುತ್ತಲೂ ಜನ ಕೈಮುಗಿದಿದ್ದಾರೆ. ಉಪದೇಶಿಸಿದವನು ಕಾಣಿಸುವುದಿಲ್ಲ, ಉಪದೇಶ ಮಾತ್ರ ಚಕ್ರವಾಗಿ ನಿಂತಿದೆ. ಮೂರ್ತಿಯನ್ನು ಬಿಡಿಸುವ ರೂಢಿ ಬಂದ ಮೇಲೂ ಚಕ್ರವು ಹೋಗಲಿಲ್ಲ. ಲಂಡನ್ನಿನಲ್ಲಿರುವ ಅಮರಾವತಿಯ ಬುದ್ಧಪಾದ ಶಿಲೆಯ ಅಂಗಾಲುಗಳ ನಡುವೆಯೂ ಚಕ್ರವಿದೆ. ಅಂಗಾಲಿನಲ್ಲಿ ಚಕ್ರವುಳ್ಳವನು ಮಹಾಪುರುಷನೆಂಬುದು ಬೌದ್ಧರ ಮೂವತ್ತೆರಡು ಲಕ್ಷಣಗಳಲ್ಲಿ ಒಂದು. ನಮ್ಮಲ್ಲಿಯೂ ಶ್ರೀಹರಿಯ ಪಾದದಲ್ಲಿ ಧ್ವಜ, ವಜ್ರ, ಅಂಕುಶ, ಚಕ್ರಗಳನ್ನು ಧ್ಯಾನಿಸುತ್ತೇವೆ. ಶ್ರೀಮದಾಚಾರ್ಯರನ್ನು ದ್ವಾತ್ರಿಂಶಲ್ಲಕ್ಷಣೋಪೇತರೆಂದು ಸ್ತುತಿಸುತ್ತೇವೆ.

ಇದಕ್ಕಿಂತ ಆಶ್ಚರ್ಯಕರವಾದುದು ನೆಲದೊಳಗಿದೆ. ಘಂಟಸಾಲ, ನಾಗಾರ್ಜುನಕೊಂಡ ಮೊದಲಾದೆಡೆ ಸ್ತೂಪಗಳನ್ನು ಅಗೆದಾಗ ಅವುಗಳ ತಳವಿನ್ಯಾಸವೇ ಬಂಡಿಯ ಗಾಲಿಯಂತಿರುವುದು ಕಂಡುಬಂದಿತು. ನಡುವೆ ನಾಭಿ, ಅಲ್ಲಿಂದ ಹೊರಟ ಇಟ್ಟಿಗೆಯ ಗೋಡೆಗಳೇ ಅರಗಳು, ಸುತ್ತಲಿನ ಗೋಡೆಯೇ ನೇಮಿ. ಅರಗಳ ನಡುವಿನ ತೆರವನ್ನು ಮಣ್ಣಿನಿಂದ ತುಂಬುತ್ತಿದ್ದರು. ಇದರಿಂದ ಇಟ್ಟಿಗೆಯ ಖರ್ಚು ಕಡಿಮೆಯಾಯಿತು. ಒಳಗಿನ ಮಣ್ಣು ಒತ್ತಿ ಹೊರಗೋಡೆಯನ್ನು ಸೀಳದಂತೆಯೂ ಆಯಿತು. ನಾಗಾರ್ಜುನಕೊಂಡದ ಮಹಾಚೈತ್ಯದ ವ್ಯಾಸ 106 ಅಡಿ. ಮೇಲೆ ಗುಮ್ಮಟ ಕಟ್ಟಿ ಸುಣ್ಣ ಬಳಿದ ಮೇಲೆ ಈ ಚಕ್ರವು ಯಾರ ಕಣ್ಣಿಗೂ ಬೀಳದು. ಪ್ರದಕ್ಷಿಣೆ ಬರುವವರು ತಮಗೆ ಕಾಣದ ಚಕ್ರವನ್ನೇ ಸುತ್ತುತ್ತಿದ್ದರು. ಕಟ್ಟಡದ ಅನುಕೂಲಕ್ಕೆ ಚಕ್ರ ಬಂದಿತೋ, ಚಕ್ರದ ಭಾವಕ್ಕೆ ಅನುಕೂಲ ಒದಗಿತೋ ಎಂಬುದನ್ನು ಪಂಡಿತರು ಚರ್ಚಿಸುತ್ತಾರೆ. ನನಗೆ ಎರಡೂ ಸೇರಿ ಬಂದಂತೆ ತೋರುತ್ತದೆ.

ಈ ನಾಗಾರ್ಜುನಕೊಂಡದ ಇಕ್ಷ್ವಾಕು ಮನೆತನದ ಕಥೆಯನ್ನು ನಮ್ಮ ಮನೆಗಳಲ್ಲಿ ಹೇಳಬೇಕು. ಕ್ರಿಸ್ತಶಕ ಮೂರನೆಯ ಶತಮಾನದಲ್ಲಿ ಆಳಿದ ವಾಸಿಷ್ಠೀಪುತ್ರ ಚಾಂತಮೂಲನು ಅಶ್ವಮೇಧಾದಿ ಯಜ್ಞಗಳನ್ನು ಮಾಡಿದವನು. ಮಹಾಚೈತ್ಯದ ಮುಖ್ಯ ದಾನಿಯಾದ ಚಾಂತಿಸಿರಿ ಅವನ ಒಡಹುಟ್ಟಿದ ತಂಗಿ. ಅದೇ ಕುಲದ ಕೊಡಬಲಿಸಿರಿ ಎಂಬಾಕೆ ವನವಾಸದ, ಎಂದರೆ ನಮ್ಮ ಬನವಾಸಿಯ, ಮಹಾರಾಜನ ಕೈಹಿಡಿದು ಹೋಗಿ, ತವರಿನಲ್ಲಿ ಒಂದು ವಿಹಾರವನ್ನು ಕಟ್ಟಿಸಿದಳು. ಅಣ್ಣನದು ಯಜ್ಞ, ತಂಗಿಯದು ಚೈತ್ಯ, ಮನೆ ಒಂದೇ. ಅದೇ ಕಣಿವೆಯಲ್ಲಿ ಆಭೀರ ವಸುಷೇಣನ ಕಾಲದ ಶಾಸನವೊಂದು ಅಷ್ಟಭುಜಸ್ವಾಮಿಯ, ಅರ್ಥಾತ್ ಎಂಟು ತೋಳಿನ ವಿಷ್ಣುವಿನ, ದೇವಾಲಯವನ್ನು ದಾಖಲಿಸಿದೆ. ಅದರ ಕಾಲವನ್ನು 278 ಎಂದು ಗಣಿಸುತ್ತಾರೆ. ಗುಂಟೂರು ಸೀಮೆಯ ಕೊಂಡಮೋಟು ಎಂಬಲ್ಲಿ ದೊರೆತ, ಸುಮಾರು ನಾಲ್ಕನೆಯ ಶತಮಾನದ ಫಲಕದಲ್ಲಿ ಪೂರ್ಣ ಸಿಂಹರೂಪದ ನರಸಿಂಹನು ವೃಷ್ಣಿವೀರರ ನಡುವೆ ಕುಳಿತಿದ್ದಾನೆ. ಅದು ಸಿಂಹದ ದೇಹವೇ. ಆದರೂ ಕೊರಳ ಬಳಿಯಿಂದ ಎರಡು ಮಾನುಷ ತೋಳುಗಳು ಹೊರಟಿವೆ. ಒಂದರಲ್ಲಿ ಗದೆ, ಇನ್ನೊಂದರಲ್ಲಿ ಚಕ್ರ. ಸಿಂಹಕ್ಕೆ ಕೈಗಳಿಲ್ಲವಷ್ಟೆ! ಆದರೂ ಶಿಲ್ಪಿಯು ಚಕ್ರವನ್ನು ಹಿಡಿಯುವುದಕ್ಕೆಂದೇ ಕೈಗಳನ್ನು ಕೊಟ್ಟನು.

ನನ್ನ ಪಾಲಿಗೆ ಇಡೀ ಪ್ರಶ್ನೆಗೆ ಉತ್ತರ ಆ ಎರಡು ಕೈಗಳಲ್ಲಿದೆ. ಅಮರಾವತಿಯ ಚಕ್ರವು ಸ್ತಂಭದ ಮೇಲೆ ತಾನೇ ನಿಂತಿದೆ. ಕೊಂಡಮೋಟಿನ ಚಕ್ರವನ್ನು ಒಬ್ಬನು ಹಿಡಿದಿದ್ದಾನೆ. ಬೌದ್ಧರ ಸೂತ್ರದ ಪ್ರಕಾರ ಒಮ್ಮೆ ಪ್ರವರ್ತಿತವಾದ ಧರ್ಮಚಕ್ರವನ್ನು ಶ್ರಮಣನಾಗಲಿ ಬ್ರಾಹ್ಮಣನಾಗಲಿ ದೇವತೆಯಾಗಲಿ ಮಾರನಾಗಲಿ ತಡೆಯಲಾರರು. ಸುದರ್ಶನವು ಹಾಗಲ್ಲ. ಅಂಬರೀಷೋಪಾಖ್ಯಾನವನ್ನು ನೆನೆಯಿರಿ. ದ್ವಾದಶಿಯ ಪಾರಣೆಯ ಕಾಲ ಮೀರದಿರಲೆಂದು ನೀರು ಕುಡಿದ ರಾಜನ ಮೇಲೆ ಕೋಪಿಸಿದ ದುರ್ವಾಸರನ್ನು ಚಕ್ರವು ಬೆನ್ನಟ್ಟಿತು. ಅವರು ಬ್ರಹ್ಮನ ಬಳಿಗೆ ಹೋದರು, ರುದ್ರನ ಬಳಿಗೆ ಹೋದರು, ಕೊನೆಗೆ ಸಾಕ್ಷಾತ್ ಶ್ರೀಹರಿಯ ಬಳಿಗೇ ಹೋದರು. ಆತನೂ ಅವರನ್ನು ಅಂಬರೀಷನ ಬಳಿಗೇ ಕಳುಹಿಸಿದನು. ಭಕ್ತನು ಪ್ರಾರ್ಥಿಸಿದಾಗ ಚಕ್ರವು ಶಾಂತವಾಯಿತು. ಅಲ್ಲಿಯ ಚಕ್ರ ತಡೆಯಲಾಗದ ನಿಯಮ. ಇಲ್ಲಿಯ ಚಕ್ರ ಸ್ವತಂತ್ರನಾದ ಒಬ್ಬನ ಅಧೀನ, ಅವನ ಕೃಪೆಯ ಅಧೀನ. ನಮ್ಮ ಮನೆಗಳ ದೇವರ ಪೆಟ್ಟಿಗೆಯಲ್ಲಿ ಸಾಲಗ್ರಾಮದ ಜೊತೆಗಿರುವ ದ್ವಾರಕೆಯ ಚಕ್ರಾಂಕಿತ ಶಿಲೆಯಲ್ಲಿ ಕೈ ಕಾಣದೆಂದು ಯಾರಾದರೂ ಆಕ್ಷೇಪಿಸಬಹುದು. ಕಾಣದಿದ್ದರೂ ಪೂಜಿಸುವವನು ಆ ಚಕ್ರದಿಂದ ಚಕ್ರಧರನನ್ನೇ ಸ್ಮರಿಸುತ್ತಾನೆ.

ಹಾಗಾದರೆ ಯಾರು ಮೊದಲು? ಸಾಹಿತ್ಯದಲ್ಲಿ ವೇದದ ಚಕ್ರ ಮೊದಲು. ಉಳಿದಿರುವ ಶಿಲ್ಪದಲ್ಲಿ ಅಶೋಕನ ಸಾರನಾಥ ಸ್ತಂಭದ ಚಕ್ರಗಳು ಕ್ರಿಸ್ತಪೂರ್ವ ಮೂರನೆಯ ಶತಮಾನದವು. ವಾಸುದೇವನು ಚಕ್ರವನ್ನು ಹಿಡಿದಿರುವ ಅತ್ಯಂತ ಹಳೆಯ ಚಿತ್ರಗಳಲ್ಲಿ ಒಂದು, ಅಗಾಥೊಕ್ಲೀಸ್ ಎಂಬ ಯವನ ರಾಜನ ಬೆಳ್ಳಿಯ ನಾಣ್ಯದಲ್ಲಿದ್ದು, ಕ್ರಿಸ್ತಪೂರ್ವ 180ರ ಆಸುಪಾಸಿನದು. ಈ ಕಾಲಗಣನೆಯನ್ನು ಹಿಡಿದು ಯಾವ ಪಕ್ಷದವರೂ ಜಯಘೋಷ ಮಾಡುವಂತಿಲ್ಲ. ಒಂದು ಹಳೆಯ ಬೇರಿನಿಂದ ಎರಡು ಕೊಂಬೆಗಳು ಬೆಳೆದವು ಎಂದಷ್ಟೇ ಪ್ರಮಾಣಗಳು ಹೇಳುತ್ತವೆ.

ಇಲ್ಲಿ ಒಂದು ಸ್ವಾರಸ್ಯವನ್ನು ಹೇಳದೆ ಮುಂದೆ ಹೋಗಲಾರೆ. ಶ್ರೀಮದಾಚಾರ್ಯರು ಮಹಾಭಾರತತಾತ್ಪರ್ಯನಿರ್ಣಯದ ಮೂವತ್ತೆರಡನೆಯ ಅಧ್ಯಾಯದಲ್ಲಿ ಬುದ್ಧಾವತಾರದ ಪ್ರಸಂಗವನ್ನು ನಿರೂಪಿಸಿದ್ದಾರೆ. ಅಸುರಮೋಹನಾರ್ಥವಾಗಿ ಅವತರಿಸಿದ ಬುದ್ಧನ ಮೇಲೆ ದೇವತೆಗಳು ಆಯುಧಗಳನ್ನು ಪ್ರಯೋಗಿಸಿದಾಗ ಅವನು ಅವುಗಳನ್ನು ನುಂಗಿಬಿಡುತ್ತಾನೆ. ಆಮೇಲೆ ಬಂದ ವಿಷ್ಣುಚಕ್ರವನ್ನು ಮಾತ್ರ ಹಿಡಿದು ತನಗೆ ಆಸನವನ್ನಾಗಿ ಮಾಡಿಕೊಳ್ಳುತ್ತಾನೆ. ಪೀಠ, ಚಕ್ರ, ಬುದ್ಧ: ಅಮರಾವತಿಯ ಫಲಕದಲ್ಲಿರುವ ಮೂರೂ ಇಲ್ಲಿವೆ. ಆಚಾರ್ಯರು ಆ ಶಿಲ್ಪಗಳನ್ನು ಕಂಡಿದ್ದರೆಂದು ಇದರಿಂದ ಊಹಿಸಬಾರದು. ಅಂತಹ ಊಹೆಗೆ ಆಧಾರವಿಲ್ಲ. ಆದರೆ ನಮ್ಮ ಗ್ರಂಥದಲ್ಲಿಯೇ ಬುದ್ಧನೂ ಸುದರ್ಶನವೂ ಒಂದೆಡೆ ಸೇರಿರುವುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಇದರಿಂದ ಬೌದ್ಧಮತವನ್ನು ಸಿದ್ಧಾಂತವು ಒಪ್ಪಿತೆಂದು ಅರ್ಥವಲ್ಲ. ಬ್ರಹ್ಮಸೂತ್ರಭಾಷ್ಯದ ಸಮಯಪಾದದಲ್ಲಿ ಶೂನ್ಯವಾದ ವಿಜ್ಞಾನವಾದಗಳ ನಿರಾಕರಣೆ ಎಷ್ಟು ನಿಷ್ಠುರವಾಗಿದೆಯೆಂಬುದನ್ನು ಪಾಠ ಕೇಳಿದವರು ಬಲ್ಲರು. ಅದು ಯುಕ್ತಿಯಿಂದ ಮಾಡಿದ ಖಂಡನ. ಚಕ್ರ ಯಾರದೆಂಬ ಜಗಳ ಅಲ್ಲಿಲ್ಲ.

"ಎಲ್ಲ ಒಂದೇ" ಎಂಬ ಎರಡನೆಯ ಸಿದ್ಧ ಉತ್ತರಕ್ಕೂ ನಮ್ಮ ಶಾಸ್ತ್ರವೇ ತಡೆಯೊಡ್ಡುತ್ತದೆ. ದ್ವೈತಸಿದ್ಧಾಂತದ ದಶಪದಾರ್ಥಗಳಲ್ಲಿ ಸಾದೃಶ್ಯವೂ ಒಂದು. ಎರಡು ವಸ್ತುಗಳು ಸದೃಶವಾಗಿವೆ ಎಂದರೆ ಅವು ಎರಡೆಂಬುದನ್ನು ಒಪ್ಪಿಕೊಂಡಂತೆಯೇ. ಭೇದವಿಲ್ಲದೆಡೆ ಸಾದೃಶ್ಯದ ಮಾತೇ ಹುಟ್ಟದು. ಕೇಶವಾದಿ ಚತುರ್ವಿಂಶತಿ ಮೂರ್ತಿಗಳನ್ನು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ನಾಲ್ಕು ಕೈಗಳು, ಶಂಖ ಚಕ್ರ ಗದಾ ಪದ್ಮಗಳೆಂಬ ನಾಲ್ಕು ಆಯುಧಗಳು. ಅವುಗಳನ್ನು ಇಪ್ಪತ್ತನಾಲ್ಕು ಬಗೆಯಲ್ಲಿ ಮಾತ್ರ ಜೋಡಿಸಬಹುದು, ಆದುದರಿಂದ ಮೂರ್ತಿಗಳೂ ಇಪ್ಪತ್ತನಾಲ್ಕು. ಚಕ್ರವು ಒಂದು ಕೈಯಿಂದ ಇನ್ನೊಂದು ಕೈಗೆ ಸರಿದರೆ ನಾಮವೇ ಬದಲಾಗುತ್ತದೆ. ಇಷ್ಟು ಸೂಕ್ಷ್ಮವಾಗಿ ಚಕ್ರದ ಸ್ಥಾನವನ್ನು ಎಣಿಸುವ ಸಂಪ್ರದಾಯದವರು, ಸ್ತಂಭದ ಮೇಲಿನ ಚಕ್ರವೂ ಕೈಯಲ್ಲಿನ ಚಕ್ರವೂ ಒಂದೇ ಎಂದು ಹೇಗೆ ಹೇಳಿಯಾರು?

ಇಪ್ಪತ್ತನಾಲ್ಕರ ಮಾತು ಬಂದುದರಿಂದ ನಮ್ಮ ಊರಿನ ಇನ್ನೊಂದು ಚಕ್ರವನ್ನೂ ಹೇಳಿಬಿಡುತ್ತೇನೆ. 1921ರಲ್ಲಿ ಬೆಜವಾಡದಲ್ಲಿ, ಎಂದರೆ ಇಂದಿನ ವಿಜಯವಾಡದಲ್ಲಿ, ಅಖಿಲ ಭಾರತ ಕಾಂಗ್ರೆಸ್ ಸಮಿತಿಯು ಸೇರಿದ್ದಾಗ ಪಿಂಗಳಿ ವೆಂಕಯ್ಯನವರು ಗಾಂಧೀಜಿಯವರಿಗೆ ಧ್ವಜದ ವಿನ್ಯಾಸವನ್ನು ಅರ್ಪಿಸಿದರು. ಅದರಲ್ಲಿದ್ದುದು ನೂಲುವ ಚರಕ. 1947ರ ಜುಲೈ 22ರಂದು ಸಂವಿಧಾನ ಸಭೆಯು ಈಗಿನ ಧ್ವಜವನ್ನು ಅಂಗೀಕರಿಸಿದಾಗ ಚರಕದ ಸ್ಥಾನಕ್ಕೆ ಸಾರನಾಥದ ಇಪ್ಪತ್ತನಾಲ್ಕು ಅರಗಳ ಚಕ್ರ ಬಂದಿತು. ಆ ಅರಗಳು ಗಾಯತ್ರಿಯ ಅಕ್ಷರಗಳೆಂದೂ ಕೇಶವಾದಿ ನಾಮಗಳೆಂದೂ ಹೇಳುವವರಿದ್ದಾರೆ. ಭಾವನೆಗೆ ಅಡ್ಡಿಯಿಲ್ಲ, ಆದರೆ ಇತಿಹಾಸದಲ್ಲಿ ಅದಕ್ಕೆ ಆಧಾರ ಸಾಲದು.

ನಮ್ಮಲ್ಲಿ ಎಷ್ಟೋ ಮನೆತನಗಳಿಗೆ ಭೀಮಾತೀರದ ಸನ್ನತಿಯ ಶ್ರೀಚಂದ್ರಲಾಂಬಾ ಪರಮೇಶ್ವರಿ ಕುಲದೇವತೆ. ಮದುವೆ ಮುಂಜಿಗಳಾದ ಮೇಲೆ ವಿಜಯವಾಡದಿಂದಲೂ ಹೈದರಾಬಾದಿನಿಂದಲೂ ಅಲ್ಲಿಗೆ ಹೋಗಿಬರುವವರುಂಟು. 1986ರಲ್ಲಿ ಆ ಆವರಣದ ಕಾಳೀಗುಡಿಯ ಛಾವಣಿ ಕುಸಿಯಿತು. ಮೂರ್ತಿಯ ಪೀಠವಾಗಿದ್ದ ಕಲ್ಲನ್ನು ಪರೀಕ್ಷಿಸಿದಾಗ ಅದರ ಮೇಲೆ ಬ್ರಾಹ್ಮೀ ಲಿಪಿಯ ಅಶೋಕನ ಶಾಸನವಿರುವುದು ತಿಳಿಯಿತು. ಸಮೀಪದ ಕನಗನಹಳ್ಳಿಯಲ್ಲಿ ಅಗೆತ ನಡೆದಾಗ ಮಹಾಸ್ತೂಪವೇ ದೊರೆಯಿತು. 'ರಾಯ ಅಸೋಕೋ' ಎಂಬ ಬರಹದೊಡನೆ ರಾಜನ ಶಿಲ್ಪವೂ ದೊರೆಯಿತು. ಸನ್ನತಿಯ ಕಲ್ಲಿನಲ್ಲಿರುವ ಪ್ರತ್ಯೇಕ ಶಾಸನಗಳು ಕಳಿಂಗದ ಧೌಲಿ ಮತ್ತು ಜೌಗಡಗಳನ್ನು ಬಿಟ್ಟರೆ ಇಲ್ಲಿ ಮಾತ್ರ ಸಿಕ್ಕಿವೆ. ಜೊತೆಗೆ ಹನ್ನೆರಡನೆಯ ಶಾಸನವೂ ಇದೆ. ತನ್ನ ಮತವನ್ನು ಹೊಗಳಿ ಪರಮತವನ್ನು ಅಕಾರಣವಾಗಿ ಹಳಿಯುವವನು ತನ್ನ ಮತಕ್ಕೇ ಹಾನಿ ಮಾಡುತ್ತಾನೆ ಎಂಬುದು ಅದರ ತಾತ್ಪರ್ಯ. ಶತಮಾನಗಳ ಕಾಲ ದೇವಿಯ ಮೂರ್ತಿಯು ನಿಂತಿದ್ದುದು ಆ ಮಾತಿನ ಮೇಲೆ.

ಕಳಿಂಗವೆಂದೊಡನೆ ನಮಗೆ ನೆನಪಾಗುವವರು ಶ್ರೀನರಹರಿತೀರ್ಥರು. ಅವರು ಕಳಿಂಗದಲ್ಲಿ ರಾಜ್ಯಭಾರವನ್ನು ನೋಡಿಕೊಂಡು, ಶ್ರೀಮೂಲರಾಮಸೀತೆಯರನ್ನು ತಂದು ಆಚಾರ್ಯರಿಗೆ ಒಪ್ಪಿಸಿದರೆಂಬ ಸಂಪ್ರದಾಯದ ಕಥೆ ಎಲ್ಲರಿಗೂ ಗೊತ್ತು. ಕಥೆಯ ಜೊತೆಗೆ ಕಲ್ಲಿನ ಸಾಕ್ಷ್ಯವೂ ಇದೆ. ವಿಶಾಖಪಟ್ಟಣದ ಸಿಂಹಾಚಲದಲ್ಲಿಯೂ ಶ್ರೀಕಾಕುಳಂ ಜಿಲ್ಲೆಯ ಶ್ರೀಕೂರ್ಮದಲ್ಲಿಯೂ ಅವರ ಹೆಸರಿನ ಶಾಸನಗಳಿವೆ. ಶ್ರೀಕೂರ್ಮದ ಶಾಸನವು ಶಕ 1203ರದು, ಎಂದರೆ 1281. ಅಲ್ಲಿ ಅವರು ಯೋಗಾನಂದ ನರಸಿಂಹನ ಗುಡಿಯನ್ನು ಕಟ್ಟಿಸಿದುದನ್ನು ಹೇಳುತ್ತದೆ. ಶ್ರೀಮದಾಚಾರ್ಯರ ಕಾಲವು 1238ರಿಂದ 1317 ಎಂದು ನಿರ್ಧರಿಸುವಲ್ಲಿ ವಿದ್ವಾಂಸರಿಗೆ ಬಹಳ ನೆರವಾದುದು ಈ ಕಲ್ಬರಹವೇ. ನರಹರಿತೀರ್ಥರು ಅಲ್ಲಿಗೆ ಬರುವುದಕ್ಕೆ ಎಷ್ಟೋ ಶತಮಾನಗಳ ಮುಂಚೆಯೇ ವಿಶಾಖಪಟ್ಟಣದ ಕಡಲ ದಂಡೆಯ ತೊಟ್ಲಕೊಂಡ, ಬಾವಿಕೊಂಡಗಳ ವಿಹಾರಗಳು ಬರಿದಾಗಿದ್ದವು. ಬಾವಿ ಎಂಬ ಪದ ತೆಲುಗರಿಗೂ ನಮಗೂ ಒಂದೇ. ಭಿಕ್ಷುಗಳು ಮಳೆನೀರು ಹಿಡಿಯಲು ಬಂಡೆಯಲ್ಲಿ ಕೊರೆದ ತೊಟ್ಟಿಗಳಿಂದ, ಬಾವಿಗಳಿಂದ ಆ ಬೆಟ್ಟಗಳಿಗೆ ಹೆಸರು ಬಂದಿತು. ಶ್ರೀನರಹರಿತೀರ್ಥರ ವೃಂದಾವನವಿರುವುದು ಹಂಪಿಯಲ್ಲಿ, ತುಂಗಭದ್ರೆಯ ಚಕ್ರತೀರ್ಥದ ಸನ್ನಿಧಿಯಲ್ಲಿ.

ಶ್ರೀಕೂರ್ಮದ ಶ್ವೇತಪುಷ್ಕರಿಣಿಯು ಸುದರ್ಶನಚಕ್ರದಿಂದ ಉಂಟಾಯಿತೆಂದು ಅಲ್ಲಿಯ ಸ್ಥಳಪುರಾಣ ಹೇಳುತ್ತದೆ. ಅದೇ ಜಿಲ್ಲೆಯಲ್ಲಿ ವಂಶಧಾರಾ ನದಿಯ ದಡದ ಗುಡ್ಡದ ಮೇಲೆ ಶಾಲಿಹುಂಡದ ಬೌದ್ಧ ಸ್ತೂಪಗಳ ಅವಶೇಷಗಳಿವೆ. ತೆಲುಗಿನ ಹಿರಿಯ ಭಾಷಾವಿದ ಗಿಡುಗು ರಾಮಮೂರ್ತಿಯವರು 1919ರಲ್ಲಿ ಅವುಗಳನ್ನು ಗುರುತಿಸಿದರು. ಬೆಳಿಗ್ಗೆ ಶ್ರೀಕೂರ್ಮದಲ್ಲಿ ಸ್ನಾನ ದರ್ಶನಗಳನ್ನು ಪೂರೈಸಿ ನರಹರಿತೀರ್ಥರ ಶಾಸನವನ್ನು ನೋಡಿಕೊಂಡರೆ, ಸಂಜೆಯೊಳಗೆ ಶಾಲಿಹುಂಡಕ್ಕೂ ಹೋಗಿಬರಬಹುದು. ಮೊಮ್ಮಗನಿಗೆ ಈಗ ಸಂಧ್ಯಾವಂದನೆಯ ಇಪ್ಪತ್ತನಾಲ್ಕು ನಾಮಗಳೂ ಕಂಠಸ್ಥವಾಗಿವೆ. ಮುಂಬರುವ ದಸರಾ ರಜೆಯಲ್ಲಿ ಅವನನ್ನು ಎರಡು ಕಡೆಗೂ ಕರೆದುಕೊಂಡು ಹೋಗುವುದೆಂದು ನಿಶ್ಚಯಿಸಿದ್ದೇವೆ.

॥ ಶ್ರೀಕೃಷ್ಣಾರ್ಪಣಮಸ್ತು ॥